ನೀರು ನಿಂತ ಮೇಲೂ ಉರಿದ ದೀಪ

ಬಕೆಟ್ಟಿನ ನೀರು ಖಾಲಿಯಾಯಿತು. ಅಡಿಕೆ ಹಾಳೆ ಕತ್ತರಿಸಿ ಮಕ್ಕಳೇ ಮಾಡಿದ್ದ ಚಕ್ರ ನಿಧಾನವಾಗಿ ನಿಂತಿತು. ಅದಕ್ಕೆ ವೈರಿನಿಂದ ಜೋಡಿಸಿದ್ದ ಪುಟ್ಟ ದೀಪ ಮಾತ್ರ ಉರಿಯುತ್ತಲೇ ಇತ್ತು.

"ಟೀಚರ್, ನೋಡಿ! ನೀರು ನಿಂತ್ರೂ ಆರ್ಲಿಲ್ಲ!" ಏಳನೇ ಕ್ಲಾಸಿನ ಲಿಖಿತಾ ಕುಣಿದಳು.

ಸಾಗರದ ವಿಜ್ಞಾನ ಮೇಳದ ಆ ಗದ್ದಲದಲ್ಲಿ ಸಂಯುಕ್ತಾ ಟೀಚರ್ ಕಣ್ಣು ದಿನೇಶನ ಕಡೆ ಹೋಯಿತು. ಅವನು ಅವಳನ್ನೇ ನೋಡುತ್ತಿದ್ದ, ತುಟಿಯಂಚಿನಲ್ಲಿ ನಗು ಇಟ್ಟುಕೊಂಡು, ಮೈಮರೆತು. ಅವನ ಒಂದು ಕೈ ಮಾಡೆಲ್ಲಿನ ಹಲಗೆಯ ಅಡಿಯಲ್ಲಿತ್ತು. ಅವಳ ನೋಟ ಆ ಕೈಗೆ ತಾಗಿದ್ದೇ ತಡ, ದೀಪ ಆರಿತು.

ಬಗ್ಗಿ ನೋಡಿದಳು. ಅಡಿಯಲ್ಲಿ ಸೆಲ್ಲು, ಸ್ವಿಚ್ಚು. ಅವಳಿಗೆ ಬೇರೇನೂ ಕೇಳಬೇಕಾಗಲಿಲ್ಲ.

ತೀರ್ಥಹಳ್ಳಿಯ ದಿನೇಶ್ ವಿಜ್ಞಾನದ ವ್ಯಾನು ಓಡಿಸಿಕೊಂಡು ಪ್ರತಿ ಶನಿವಾರ ಜೋಗದ ಅವಳ ಶಾಲೆಗೆ ಬರುತ್ತಿದ್ದ. ಅಪ್ಪಂದಿರು ಪವರ್ ಹೌಸಿನಲ್ಲಿ ಕೆಲಸಕ್ಕಿದ್ದರೂ ಆ ಮಕ್ಕಳಿಗೆ ಕರೆಂಟೆಂದರೆ ಬರೀ ಬಾಯಿಪಾಠ. "ಮಕ್ಕಳ ಕೈಗೇ ಕೊಡಿ ಟೀಚರ್. ಒದ್ದೆಯಾಗ್ಲಿ, ಕೆಡಿಸ್ಲಿ," ಎಂದವನು ಅವನೇ. ಕರೆಂಟು ಹುಟ್ಟಿಸಲು ಚಕ್ರಕ್ಕೆ ಆಟದ ಕಾರಿನ ಮೋಟಾರು ಕಟ್ಟಿ ದೀಪ ಮೊದಲು ಹೊತ್ತಿದ ಸಂಜೆ, "ನಿಮ್ಮ ಮುಖ ಇದಕ್ಕಿಂತ ಹೊಳೀತಿದೆ," ಎಂದು ಅವಳ ಒದ್ದೆ ಕೈ ಹಿಡಿದಿದ್ದ. ಅವಳು ಬಿಡಿಸಿಕೊಂಡಿರಲಿಲ್ಲ.

ಈಗ ಅವನನ್ನು ವ್ಯಾನಿನ ಮರೆಗೆ ಕರೆದು ಕೇಳಿದಳು. "ಯಾಕೆ ಮಾಡಿದ್ರಿ?"

"ಚಕ್ರಕ್ಕೆ ದೀಪ ಹತ್ತೋವಷ್ಟು ಸ್ಪೀಡ್ ಬರ್ತಿರ್ಲಿಲ್ಲ. ನಿಮ್ಮ ಮುಖ ಸಪ್ಪಗಾದ್ರೆ ನನ್ ಕೈಲಿ ನೋಡೋಕಾಗಲ್ಲ ಸಂಯುಕ್ತಾ."

"ಮೊದಲ್ನೇ ದಿನ? ಅವತ್ತೂ ಸೆಲ್ಲೇನಾ?"

ದಿನೇಶ್ ನೆಲ ನೋಡಿದ. "ಹೂಂ. ಆದ್ರೆ ನಾನು ಹೇಳಿದ ಮಾತು ನಿಜ."

"ಇದು ನೀರಿನ ಕರೆಂಟು ಅಂತ ಮಕ್ಕಳಿಗೆ ಹೇಳಿದೋಳು ನಾನು ದಿನೇಶ್. ಅವ್ರು ನನ್ನ ನಂಬಿದ್ರು. ನಾನು ನಿಮ್ಮನ್ನ."

ಆ ಸಂಜೆಯನ್ನು ನೆನೆನೆನೆದು ಎಷ್ಟು ಸಲ ಒಬ್ಬಳೇ ನಕ್ಕಿದ್ದಳು! ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

"ಲಿಖಿತಾಗೆ ನೀವೇ ಹೇಳ್ಬೇಕು."

ಅವನು ಹೇಳಿದ. ಹಲಗೆ ಮಗುಚಿ ಸೆಲ್ಲು ಕಿತ್ತು, ದೀಪದ ವೈರನ್ನು ಮೋಟಾರಿಗೇ ಸೇರಿಸಿದ.

"ಹಂಗಾದ್ರೆ ನಮ್ ಚಕ್ರ ಒಂದ್ಸಲನೂ ದೀಪ ಹತ್ತಿಸಿಲ್ವಾ ಸರ್?"

"ಇಲ್ಲ ಪುಟ್ಟಾ." ಅವನ ಕಣ್ಣು ತುಂಬಿತು. ಅದನ್ನು ನೋಡಿ ಸಂಯುಕ್ತಾಗೆ ಅಯ್ಯೋ ಅನಿಸಿತು, ಹಾಗನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

"ಜೋಗಕ್ಕೆ ಬಿಡ್ತೀನಿ, ಬನ್ನಿ."

"ಬೇಡ. ಬಸ್ಸಿಗೆ ಹೋಗ್ತೀವಿ."

"ಶನಿವಾರ?"

ಅವಳು ಮಾಡೆಲ್ ಎತ್ತಿಕೊಂಡು ಲಿಖಿತಾಳ ಜೊತೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಬಸ್ಸು ಊರು ದಾಟಿ ಓಟ ಹಿಡಿಯಿತು. ಕಿಟಕಿ ಪಕ್ಕ ಕೂತಿದ್ದ ಲಿಖಿತಾ ಮುಖ ಊದಿಸಿಕೊಂಡು ಮಡಿಲಲ್ಲಿದ್ದ ಮಾಡೆಲ್ಲಿನ ಚಕ್ರವನ್ನು ಗಾಳಿಗೊಡ್ಡಿದಳು. ಹಾಳೆಯ ರೆಕ್ಕೆಗಳು ಗರಗರ ತಿರುಗಿದವು. ತಿರುಗುತ್ತ ತಿರುಗುತ್ತ, ದೀಪ ಮಿಣುಕಿತು.

"ಟೀಚರ್!"

ಸಂಯುಕ್ತಾ ಮೊದಲು ಹಲಗೆ ಎತ್ತಿ ಅಡಿಯಲ್ಲಿ ನೋಡಿದಳು. ಏನೂ ಇರಲಿಲ್ಲ. ದೀಪ ಮಂದವಾಗಿ, ನಿಜವಾಗಿ ಉರಿಯುತ್ತಿತ್ತು.

ಖುಷಿ ತಡೆಯಲಾಗದೆ, ಅವನಿಗೆ ಹೇಳಲೆಂದು ಅಭ್ಯಾಸದಂತೆ ಇನ್ನೊಂದು ಪಕ್ಕಕ್ಕೆ ತಿರುಗಿದಳು. ಆ ಸೀಟಿನಲ್ಲಿ ಯಾರೂ ಇರಲಿಲ್ಲ.