ತಾಯಕ್ಕನ ನಾಡಿ

ಮೇಜಿನ ಮೇಲಿದ್ದ ಕೈಗಡಿಯಾರ ಮಾಯವಾಗಿತ್ತು.

ಹೊಸಪೇಟೆಯ ಫಾರ್ಮಸಿ ಕಾಲೇಜಿನಲ್ಲಿ ಅಂದು ರೋಗಿಯನ್ನು ಪರೀಕ್ಷಿಸುವ ಪಾಠ. ಕಾಲುವೆ ದಂಡೆಯ ಕೇರಿಯಿಂದ ನಾಲ್ವರು ಬಂದು, ಹೇಳಿಕೊಟ್ಟ ಕಾಯಿಲೆ ನಟಿಸುತ್ತ ಮಲಗಿದ್ದರು; ವಿದ್ಯಾರ್ಥಿಗೊಬ್ಬರು. ಅವರನ್ನು ಮೇಜಿನ ಬಳಿ ಕರೆತಂದೇ ನಾಡಿ ಎಣಿಸಬೇಕು. ಕೋಣೆಯಲ್ಲಿ ಸೆಕೆಂಡಿನ ಮುಳ್ಳಿದ್ದದ್ದು ಆ ಗಡಿಯಾರಕ್ಕೊಂದೇ. ಅದು ಮೇಜು ಬಿಟ್ಟು ಕದಲಬಾರದು—ಪಾಠ ಹೇಳುವ ಕೊಟ್ರಬಸಮ್ಮನವರ ಕಟ್ಟಪ್ಪಣೆ. ಹತ್ತು ನಿಮಿಷ ಅವರು ಹೊರಗೆ ಹೋಗಿ ಬರುವಷ್ಟರಲ್ಲಿ ಹೀಗೆ!

"ಯಾರು ಬಂದಿದ್ರು ಒಳಗ?" ಎಂದು ಕೊಟ್ರಬಸಮ್ಮ ಕೂಗಾಡಿದರು.

"ಜವಾನ ಮೂಕಪ್ಪ ನೀರಿಟ್ಟು ಹೋದ್ನ್ರಿ," ಎಂದ ಕೊನೆಯ ಸರದಿಯ ಅಂದಾನಪ್ಪ. "ಆಮ್ಯಾಲೆ ಮೇಜಿನ ಹತ್ರ ಸುಳಿದಾಡಿದಾಕಿ ತಾಯಕ್ಕ ಒಬ್ಬಾಕಿನ."

ಕೊಟ್ರಬಸಮ್ಮ ಹಿಂದೆಮುಂದೆ ನೋಡಲಿಲ್ಲ. ಅಂದಾನಪ್ಪನ ಪಾಲಿನ ರೋಗಿಯಾಗಿ ಮಂಚದ ಮೇಲಿದ್ದ ತಾಯಕ್ಕನ ಎಲೆಯಡಿಕೆ ಸಂಚಿಯನ್ನು ಎಲ್ಲರೆದುರೇ ಕೊಡವಿಸಿದರು. ಬಿದ್ದದ್ದು ಎರಡು ಅಡಿಕೆ ಹೋಳು, ಒಂದು ಸುಣ್ಣದ ಡಬ್ಬಿ.

"ಹೊಟ್ಟಿನೋವು ಬಂದಂಗ ಮಾಡು ಅಂದ್ರಿ, ಮಾಡಿದೆ," ಎಂದಳು ತಾಯಕ್ಕ. "ಕಳ್ಳಿ ಆಗು ಅಂತ ಹೇಳಿದ್ದಿಲ್ಲಲ್ರೀ ಅಮ್ಮಾ?"

ಕೊಟ್ರಬಸಮ್ಮನಿಗೆ ನಾಚಿಕೆಯಿಂದ ಜೀವ ಹಿಡಿಯಷ್ಟಾಯಿತು. ಮುಖ ಮರೆಸಲು ವಿದ್ಯಾರ್ಥಿಗಳ ವರದಿಗಳನ್ನು ತಿರುವಿದರು. ಒಂದು ಹಾಳೆಯಲ್ಲಿ ಕಣ್ಣು ನಿಂತಿತು. ಎದ್ದು ಹೋಗಿ ತಾಯಕ್ಕನ ಮಣಿಕಟ್ಟು ಹಿಡಿದರು. ಹಿಡಿದೇ ಕೇಳಿದರು:

"ಅಂದಾನಪ್ಪ, ನೀ ಗಡಿಯಾರ ಮುಟ್ಟಿದ್ದೇನು?"

"ಇಲ್ರಿ. ನನ್ನ ಸರದಿಗೆ ಅದು ಇದ್ದಿಲ್ಲ."

"ಮತ್ತ ನಾಡಿ?"

"ಅಂದಾಜಿಲೆ ಬರದೆ."

"ಅಂದಾಜಿಲೆ ಬರಿಯೋರು ಎಪ್ಪತ್ತೆರಡು ಬರಿತಾರ. ನೀ ಅರವತ್ತೊಂದು ಬರದೀ. ಐದಕ್ಕೊಂದು ಬಡಿತ ತಪ್ಪತೈತಿ ಅಂತನೂ ಬರದೀ. ಖರೇನ ತಪ್ಪತೈತಿ, ನನ್ನ ಬೆರಳಿಗೂ ಸಿಕ್ತು. ಆದ್ರ ನಿಮಿಷಕ್ಕ ಅರವತ್ತೊಂದು—ಮುಳ್ಳು ನೋಡದ ಹೆಂಗ ತಿಳೀತು?"

ಅಂದಾನಪ್ಪನ ಕೈ ತಾನಾಗಿ ಬಿಳಿ ಕೋಟಿನ ಜೇಬಿಗೆ ಹೋಯಿತು. ಗಡಿಯಾರ ಹೊರಗೆ ಬಂತು.

"ಆಕಿಗೆ ಖರೇನ ಏಳಾಕ ಆಗ್ತಿದ್ದಿಲ್ರಿ. ಮಂಚದ ಹತ್ರನ ಒಯ್ದೆ, ಮರತು ಜೇಬಿಗೆ ಹಾಕ್ಕೊಂಡೆ. ನೀವು ಕೂಗಾಡಿದ್ರಿ... ಕಳ್ಳ ಅಂತೀರಂತ ಅಂಜಿ ಆಕಿ ಹೆಸರು ಹೇಳಿದೆ."

ಕೊಟ್ರಬಸಮ್ಮ ತಾಯಕ್ಕನತ್ತ ತಿರುಗಿದರು. "ಅವ ಗಡಿಯಾರ ಹಿಡಿದಿದ್ದು ನೀ ನೋಡಿದ್ದಿಲ್ಲೇನವ್ವಾ?"

"ನೋಡಿದ್ದೆ ಬಿಡ್ರಿ. ಹೇಳಿದ್ರ ನಂಬ್ತಿದ್ರೇನು?"

ಕೊಟ್ರಬಸಮ್ಮ ಬಗ್ಗಿ, ನೆಲದ ಮೇಲಿನ ಅಡಿಕೆ ಹೋಳುಗಳನ್ನು ತಾವೇ ಆಯತೊಡಗಿದರು.

"ಅದು ಇರ್ಲಿ ಬಿಡ್ರಿ ಅಮ್ಮಾ," ಎಂದು ತಾಯಕ್ಕ ಮತ್ತೆ ಕೈ ಚಾಚಿದಳು. "ನಿಮ್ಮ ಗಡಿಯಾರ ಸಿಕ್ತು. ನನ್ನ ಐದನೇ ಬಡಿತ ಎಲ್ಲಿ ಹೋತು, ಅದನ್ನೊಂದಿಷ್ಟು ಹುಡುಕ್ರಿ."