ನಾಲ್ಕು ಬೆರಳು ಮೇಲೆ ನಿಂತ ಕೋಲು

"ರೀ, ನಳಿಗೆಯಿಂದ ಕಣ್ಣು ತೆಗೀರಿ! ಮೊದಲು ಕೋಲು ಹಾಕಿ ನೋಡಿ!"

ಮಿನಾಟೋದ ಹಳೆಯ ಆಯುಧಗಳ ಅಂಗಡಿಯಲ್ಲಿ, "ಅಬ್ಬಾ, ಏನ್ ಚೆನ್ನಾಗಿದೆ" ಎಂದು ಗೊಣಗುತ್ತ ಕೋವಿಯ ನಳಿಗೆಗೆ ಕಣ್ಣಿಟ್ಟಿದ್ದವನನ್ನು ಕಾತ್ಯಾಯಿನಿ ಗದರಿದ್ದು ಹೀಗೆ. ಕಾಶಿವಾದಲ್ಲಿ ಹಳೆಯ ಕಬ್ಬಿಣದ ತುಕ್ಕಿನ ಬಗ್ಗೆ ಸಂಶೋಧನೆ ಮಾಡುವ ಅವಳಿಗೆ ಇದೊಂದು ವ್ರತ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿ ಯಾರದೇ ಇರಲಿ, ಮದ್ದು ಗಿಡಿಯುವ ಕೋಲನ್ನು ಮೊದಲು ಒಳಗಿಳಿಸಬೇಕು. ತಳ ಮುಟ್ಟಿದರೆ ಖಾಲಿ. ಮುಟ್ಟದಿದ್ದರೆ ನೂರೈವತ್ತು ವರ್ಷದ ಮದ್ದು ಇನ್ನೂ ಒಳಗೇ ಕುಳಿತಿರಬಹುದು.

"ಸುಮಿಮಾಸೆನ್, ಮೇಡಂ." ಅವನು ಜಪಾನೀ ಭಾಷೆಯಲ್ಲಿ ಕ್ಷಮೆ ಕೇಳಿ ಕೈಕಟ್ಟಿ ನಿಂತ. ನಗು ಮಾತ್ರ ಕಣ್ಣಲ್ಲೇ ತುಳುಕುತ್ತಿತ್ತು. "ನಾನು ಮುಕುಂದ, ಸಾಫ್ಟ್‌ವೇರ್. ಕನ್ನಡದಲ್ಲಿ ಬೈಸ್ಕೊಂಡು ಎರಡು ವರ್ಷ ಆಗಿತ್ತು."

ಕೆನಡಾದ ಕಾಡುಗಳಲ್ಲಿ ಬೀವರ್ ತೊಗಲಿಗೆ ಬದಲಾಗಿ ಕೊಡುತ್ತಿದ್ದ ಕೋವಿ ಅದು. ಅದರ ಮರದ ಪಕ್ಕೆಗೆ ಕೂರಿಸಿದ ಒಂದು ಹಿತ್ತಾಳೆಯ ಹಾವು. ಮುಕುಂದ ಕೋವಿಯನ್ನು ಕೊಂಡ. ಎಣ್ಣೆ ಹಚ್ಚುವ ನೆಪದಲ್ಲಿ ಕಾತ್ಯಾಯಿನಿ ಭಾನುವಾರಗಳಲ್ಲಿ ಅವನ ಮನೆಗೆ ಬರುತ್ತಿದ್ದಳು. ಹಾವನ್ನು ಒರೆಸುವಾಗ ಬೆರಳಿಗೆ ಬೆರಳು ತಾಗುತ್ತಿತ್ತು. ಆಗ ಇಬ್ಬರೂ ಹಾವನ್ನೇ ನೋಡುತ್ತಿದ್ದರು.

ಎರಡು ಚಳಿಗಾಲ ಕಳೆದ ಮೇಲೆ ಕಂಪನಿ ಅವನನ್ನು ಮೈಸೂರಿಗೆ ವಾಪಸ್ ಕರೆಯಿತು. ಹೊರಡಲು ಹತ್ತು ದಿನವಿರುವಾಗ ಕೋವಿಯನ್ನೂ ಅದರ ನೋಂದಣಿ ಪತ್ರವನ್ನೂ ಅವಳ ಕೈಗಿತ್ತ.

"ಇನ್ನು ಇದು ನಿಮ್ಮದು. ಕೋಲು ಹಾಕಿ ನೋಡಲ್ವಾ?"

"ನೀವು ಕೊಟ್ಟಿದ್ದನ್ನೂ ಚೆಕ್ ಮಾಡ್ಬೇಕಾ? ಅಷ್ಟೂ ನಂಬಿಕೆ ಇಲ್ವಾ ನಂಗೆ?"

ಅವನ ನಗು ಅರ್ಧಕ್ಕೇ ನಿಂತಿತು. "ಮನೇಲಾದ್ರೂ ನೋಡಿ," ಎಂದ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮಜ್ಜಿಗೆಯಲ್ಲಿ ಬಿತ್ತಂತೆ. ಕಾತ್ಯಾಯಿನಿ ಕೋಲು ಹಾಕದೆಯೇ ಕೋವಿಯನ್ನು ಗೋಡೆಗೆ ತೂಗುಹಾಕಿದಳು. ಮುಟ್ಟಿದರೆ ಅಳು ಬರುತ್ತಿತ್ತು. ಅವನು ಒಂದು ಮಾತು ಕೇಳಿದ್ದರೆ ಹಿಂದೆಯೇ ಹೋಗುತ್ತಿದ್ದಳು. ಅವನು ಕೇಳಲಿಲ್ಲವಲ್ಲ ಎಂಬ ಕೊರಗಿನಲ್ಲೇ ಹದಿನಾಲ್ಕು ತಿಂಗಳು ಕಳೆದಳು.

ತಾನೇ ಒರೆಸಲಾರದೆ, ಜೂನ್ ಮಳೆಗೆ ಮೊದಲು ತುಕ್ಕು ನೋಡಿಸಲೆಂದು ಅದೇ ಅಂಗಡಿಗೆ ಒಯ್ದಳು. ಅಂಗಡಿಯ ಮುದುಕ ಮೊರಿತಾ ಸಾನ್ ವಾಡಿಕೆಯಂತೆ ಕೋಲು ಇಳಿಸಿದರು. ಕೋಲು ತಳ ಮುಟ್ಟದೆ ನಾಲ್ಕು ಬೆರಳು ಮೇಲೇ ನಿಂತಿತು.

"ಒಳಗೇನೋ ಇದೆ," ಎಂದರು.

ಮದ್ದಲ್ಲ, ಸುರುಳಿ ಸುತ್ತಿದ ಕಾಗದ. ಮುಕುಂದನ ಅಕ್ಷರ.

"ಎದುರಿಗೆ ಕೇಳೋ ಧೈರ್ಯ ಇಲ್ಲ. ಕೋಲು ಹಾಕದೆ ನೀವು ಕೋವಿ ಮುಟ್ಟಲ್ಲ, ಅದಕ್ಕೇ ಇಲ್ಲಿಟ್ಟಿದ್ದೀನಿ. ನನ್ನ ಮದುವೆಯಾಗ್ತೀರಾ? ಹೂಂ ಅಂದ್ರೆ ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ಹತ್ತು ದಿನ ಏನೂ ಹೇಳದಿದ್ರೆ ಇಲ್ಲ ಅಂತ ತಿಳ್ಕೊಂಡು, ಮತ್ತೆಂದೂ ಕೇಳಲ್ಲ."

ಅಲ್ಲಿಂದಲೇ ಫೋನ್ ಮಾಡಿದಳು.

"ಅರೇ, ಕಾತ್ಯಾಯಿನಿ!"

ಅವನ ಹಿಂದಿನಿಂದ ಹೆಣ್ಣುದನಿ ಕೇಳಿಸಿತು. "ರೀ, ಕಾಫಿ ಆರ್ತಿದೆ."

"ಬಂದೆ ಕಣೇ." ಅವನು ದನಿ ತಗ್ಗಿಸಿದ. "ನನ್ನ ಹೆಂಡತಿ. ಮದುವೆಯಾಗಿ ಮೂರು ತಿಂಗಳಾಯ್ತು, ನಿಮಗೆ ಹೇಳೋಕೆ ಸಂಕೋಚ. ಅವತ್ತು ನೀವು ಸುಮ್ಮನಿದ್ದುಬಿಟ್ಟಿದ್ದೇ ಒಳ್ಳೇದಾಯ್ತು ರೀ. ಇಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ ನಾನು ತಡ್ಕೊಳ್ತಿರ್ಲಿಲ್ಲ."

ಕಾಗದ ಇವತ್ತೇ ಕಂಡಿತೆಂಬ ನಿಜ ನಾಲಿಗೆಯ ತುದಿಗೆ ಬಂದಿತ್ತು. ಆ ಹೆಣ್ಣಿನ ದನಿ ಬಹಳ ಮೃದುವಾಗಿತ್ತು.

"ಕಾಫಿ ಆರುತ್ತೆ, ಹೋಗಿ ಮುಕುಂದ್. ಇಬ್ಬರೂ ಚೆನ್ನಾಗಿರಿ."

ಫೋನ್ ಇಟ್ಟು ಮೊರಿತಾ ಸಾನ್ ಬಳಿ ಪೆನ್ನು ಕೇಳಿದಳು. ಅವನ ಪ್ರಶ್ನೆಯ ಕೆಳಗೆ "ಹೂಂ" ಎಂದು ಬರೆದು, ಕಾಗದವನ್ನು ಮತ್ತೆ ಸುತ್ತಿ ನಳಿಗೆಯೊಳಗೆ ಬಿಟ್ಟಳು.

"ಖಾಲಿ ಇರಬೇಕಲ್ಲವೇ?" ಮುದುಕ ಮೆಲ್ಲನೆ ಕೇಳಿದರು.

ಕಾತ್ಯಾಯಿನಿ ಕೋಲು ಇಳಿಸಿ ನೋಡಿದಳು. ಅದು ನಾಲ್ಕು ಬೆರಳು ಮೇಲೇ ನಿಂತಿತು.