ಸುತ್ತಿಗೆಗೆ ಸುತ್ತಿದ ಬಟ್ಟೆ

ತಪ್ಪು ಮಾಡಿಬಿಟ್ಟೆನಾ?... ಇಲ್ಲ, ಕಲಿತದ್ದನ್ನೇ ಮಾಡಿದ್ದೇನೆ. ಹಳೆಯ ವಸ್ತುವಿಗೆ ಆಮೇಲೆ ಸೇರಿಸಿದ್ದನ್ನು ತೆಗೆ, ಮೂಲ ವಸ್ತುವನ್ನು ತೋರಿಸು. ಮತ್ತೇಕೆ ಇವನು ಹೀಗೆ ಕಲ್ಲಿನಂತೆ ನಿಂತಿದ್ದಾನೆ? ಎಂದುಕೊಂಡಳು ಅವಳು.

ಗಾಜಿನ ಪೆಟ್ಟಿಗೆಯೊಳಗೆ ಅವನ ಅಪ್ಪನ ಸುತ್ತಿಗೆಯಿತ್ತು. ಕಲ್ಲುಗಣಿಯಲ್ಲಿ ಬಂಡೆ ಉರುಳಿ ಸತ್ತಿದ್ದ ಅಪ್ಪ. ಜೋಪಾನವಾಗಿರಲೆಂದು ಊರಿನ ಪುಟ್ಟ ಮ್ಯೂಸಿಯಮ್ಮಿಗೆ ಅದನ್ನು ಕೊಟ್ಟ ಮೇಲೂ ಏನಾದರೊಂದು ನೆಪ ಹುಡುಕಿ ಅವನು ಬರುತ್ತಲೇ ಇದ್ದ. ಅಲ್ಲಿ ಹಳೆಯ ವಸ್ತುಗಳನ್ನು ಸರಿಪಡಿಸಿ ಜೋಡಿಸುವ ಅವಳೂ ಕಾಯುತ್ತಲೇ ಇದ್ದಳು. ಇವತ್ತು ಅವನು ಬೆರಗಾಗಲೆಂದೇ ಹಿಡಿಯನ್ನು ಉಜ್ಜಿ, ಎಣ್ಣೆ ಹಚ್ಚಿ ಇಟ್ಟಿದ್ದಳು.

"ಹಿಡಿಗೆ ಬಟ್ಟೆ ಸುತ್ತಿತ್ತಲ್ಲ..."

"ಆ ಜಿಡ್ಡು ಬಟ್ಟೆನಾ? ಬಿಚ್ಚೋಕೇ ಬರ್ಲಿಲ್ಲ, ಕತ್ತರಿಸಬೇಕಾಯ್ತು! ಈಗ ನೋಡಿ, ಮರ ಎಷ್ಟು ಚೆನ್ನಾಗಿ ಕಾಣ್ತಿದೆ!"

"ಎಲ್ಲಿದೆ ಅದು?"

"ಕಸದ ಗಾಡಿಗೆ ಹೋಯ್ತು... ಯಾಕೆ?"

ಅವನು ತಿರುಗಿ ನಡೆದುಬಿಟ್ಟ.

ಅವಳು ಬಾಗಿಲವರೆಗೂ ಅವನ ಹಿಂದೆ ಓಡಿದಳು.

ಮ್ಯೂಸಿಯಮ್ ನೋಡಿಕೊಳ್ಳುವ ಹಿರಿಯಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಸಂಗತಿ ಕೇಳಿ ಅಕ್ಕ ಹಣೆ ಚಚ್ಚಿಕೊಂಡಳು.

"ಮೈ ತಿಕ್ಕು ಅಂದ್ರೆ ಚರ್ಮ ಸುಲಿದ್ಯಲ್ಲೇ! ಕೊಟ್ಟೋರನ್ನ ಒಂದು ಮಾತು ಕೇಳೋಕೆ ನಿನ್ನ ಬಾಯಲ್ಲೇನು ಕಡುಬು ಇತ್ತಾ?"

ಅವನು ಮತ್ತೆ ಬರಲಿಲ್ಲ. ಕಾದು ಕಾದು, ಅವಳೇ ಅವನು ಕೆಲಸ ಮಾಡುವ ಗ್ಯಾರೇಜಿಗೆ ಹೋದಳು.

"ಓಹೋ, ಮ್ಯೂಸಿಯಮ್ಮಿನವರು!" ಜೊತೆ ಕೆಲಸದವನೊಬ್ಬ ನಕ್ಕ. "ಮೊದ್ಲು ನಮ್ಮ ಓನರನ್ನ ಗಾಜಿನ ಪೆಟ್ಟಿಗೇಲಿ ಇಡಿ ಮೇಡಂ, ಪುಣ್ಯ ಬರುತ್ತೆ!"

ಅವಳು ನಗಲಿಲ್ಲ. ಲಾರಿಯ ಕೆಳಗಿಂದ ಅವನ ಪಾದಗಳಷ್ಟೇ ಕಾಣುತ್ತಿದ್ದವು. ಅವುಗಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಸುತ್ತಿಗೆ ವಾಪಸ್ ತಗೊಂಡ್ಬಿಡಿ. ನನಗೆ ಅದನ್ನ ನೋಡೋಕಾಗ್ತಿಲ್ಲ."

ಸ್ಪ್ಯಾನರ್ ಸದ್ದು ನಿಂತಿತು.

"ಅಪ್ಪನ ಅಂಗೈ ಒಡೆದು ರಕ್ತ ಬರ್ತಿತ್ತು," ಕತ್ತಲಿನಿಂದ ದನಿ ಬಂತು. "ಅಮ್ಮ ಉಟ್ಟ ಬಟ್ಟೇನೇ ಹರಿದು ಹಿಡಿಗೆ ಸುತ್ತಿದ್ಲು. ಅಪ್ಪ ಹೋದ್ಮೇಲೆ ಅವಳೂ ಬಹಳ ದಿನ ಉಳೀಲಿಲ್ಲ. ಅವಳದು ಅಂತ ಇದ್ದಿದ್ದು ಅದೊಂದೇ. ಫೋಟೋನೂ ಇಲ್ಲ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ.

"ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮ ಮುಂದೆ ಅತ್ತುಬಿಡ್ತಿದ್ದೆ."

"ನಾನು... ನೀವು ಖುಷಿಪಡ್ಲಿ ಅಂತ ಮಾಡಿದೆ. ನಿಮ್ಮ ಮೇಲೆ ಮನಸ್ಸಿತ್ತು. ಈಗ್ಲೂ ಇದೆ. ಬೈದುಬಿಡಿ, ಹೊಡೀರಿ, ಆದ್ರೆ ಸುಮ್ನಿರಬೇಡಿ!"

ಅವನು ಹೊರಗೆ ಜಾರಿ ಬಂದ. ಮುಖದ ತುಂಬ ಗ್ರೀಸು, ಕಣ್ಣು ಕೆಂಪು.

"ವಾಪಸ್ ಬೇಡ. ಆ ಬೋಳು ಹಿಡೀನ ಮನೇಲಿಟ್ಟು ದಿನಾ ನೋಡೋಕೆ ನನ್ನಿಂದಾಗಲ್ಲ. ಅಲ್ಲೇ ಇರ್ಲಿ. ಕೆಳಗಿನ ಫಲಕದಲ್ಲಿ ಅಮ್ಮನ ಬಟ್ಟೆ ಇತ್ತು ಅಂತ ಬರೀರಿ."

"ಬರೀತೀನಿ. ಕತ್ತರಿಸಿದ್ದು ಯಾರು ಅಂತಾನೂ ಬರೀತೀನಿ."

"ನಿಮ್ಮ ಹೆಸರು ಬೇಡ."

"ಯಾಕೆ?"

"ನನಗೂ ನಿಮ್ಮ ಮೇಲೆ ಮನಸ್ಸಿದೆ," ಅವನು ನೆಲ ನೋಡುತ್ತ ಅಂದ. "ಅದಕ್ಕೇ ಇಷ್ಟು ಉರೀತಿರೋದು."

ಅವಳು ಅವನ ಕೈ ಹಿಡಿದಳು. ಅವನು ಗ್ರೀಸು ಒರೆಸಿಕೊಳ್ಳಲು ಹೋದ, ಅವಳು ಬಿಡಲಿಲ್ಲ.

ಮುಂದೆ ಅವರು ಮದುವೆಯಾದರು. ಅವಳಿಗೆ ಜ್ವರ ಬಂದರೆ ಅವನು ಹಾಸಿಗೆಯ ಪಕ್ಕದಿಂದ ಏಳುತ್ತಿರಲಿಲ್ಲ. ಅವಳ ಮೇಲೆ ಒಮ್ಮೆಯೂ ದನಿ ಎತ್ತಲಿಲ್ಲ. ಆದರೆ ಆ ಬಟ್ಟೆಯ ಮಾತು ಬಂದು ಅವಳು ಅತ್ತಾಗಲೆಲ್ಲ ಪಕ್ಕದಲ್ಲಿ ಸುಮ್ಮನೆ ಕೂರುತ್ತಿದ್ದ. "ಹೋಗಲಿ ಬಿಡು" ಎಂದು ಅವನು ಯಾವತ್ತೂ ಹೇಳಲಿಲ್ಲ.